ಸೈಟ್ ಮ್ಯಾನೇಜ್ ಮಾಡೋಕೆ ಕರೀತಾರೋ, ಊರು ಮ್ಯಾನೇಜ್ ಮಾಡೋಕೋ?

ಹಿಪ್ಪುನೇರಳೆ ಬೇರು ಕೊಳೆ ರೋಗದ ಎರಡನೇ ಭಾಗ ಈ ವಾರ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರ. ಇವತ್ತು ಬೇರೆ ವಿಷಯ ಇದೆ, ಸ್ವಲ್ಪ ಖಾರವಾಗೇ ಬರೀತೀನಿ. ಯಾರಿಗಾದ್ರೂ ಬೇಜಾರಾದ್ರೆ ಡೇರಿ ಹತ್ತಿರ ಸಿಕ್ಕಾಗ ಎದುರಿಗೇ ಬೈದುಬಿಡಿ, ಹಿಂದೆ ಬೈಬೇಡಿ.

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ತೋಟದ ಮನೆ ರಿನೋವೇಷನ್ ಕೆಲಸ ಎಷ್ಟು ಜಾಸ್ತಿ ಆಗಿದೆ ಅಂತ ನಿಮಗೇ ಗೊತ್ತು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ಬೇಸಾಯ ಗೊತ್ತಿಲ್ಲದೋರೂ ಜಮೀನು ತಗೊಳ್ಳೋ ಹಾಗಾಯ್ತು. ಹಳೇ ದ್ರಾಕ್ಷಿ ತೋಟದ ಬಂಗಲೆ, ಯಾರೋ ಮಾರಿದ ತೊಟ್ಟಿ ಮನೆ, ಇಪ್ಪತ್ತು ಮೂವತ್ತು ವರ್ಷದ ಫಾರಂ ಹೌಸು, ಎಲ್ಲಾ ಈಗ ಐಷಾರಾಮಿ ಮನೆ ಆಗ್ತಾ ಇವೆ. ಇಟಾಲಿಯನ್ ಮಾರ್ಬಲ್ಲು, ಗಾಜಿನ ಗೋಡೆ, ಈಜುಕೊಳ. ಅವರ ದುಡ್ಡು, ಅವರ ಮನೆ. ಅದರ ಬಗ್ಗೆ ನನಗೆ ಹೊಟ್ಟೆಉರಿ ಇಲ್ಲ.

ಆದರೆ ಇಂಥ ಪ್ರತಿ ಕೆಲಸಕ್ಕೂ ನಮ್ಮೂರಿನವನೊಬ್ಬ ಬೇಕಾಗ್ತಾನೆ. 'ಲೋಕಲ್ ಇನ್‌ಚಾರ್ಜ್' ಅಂತಾರೆ, 'ಸೈಟ್ ನೋಡ್ಕೊಳ್ಳೋರು' ಅಂತಾರೆ. ತಿಂಗಳಿಗೆ ಹನ್ನೆರಡರಿಂದ ಹದಿನೆಂಟು ಸಾವಿರ ಕೊಡ್ತಾರೆ. ಸ್ವಲ್ಪ ಮಾತು ಬರೋ, ಪಂಚಾಯ್ತಿಯಲ್ಲಿ ನಾಲ್ಕು ಜನ ಪರಿಚಯ ಇರೋ ರೈತನನ್ನೇ ಹುಡುಕ್ತಾರೆ. ಈ ಬೇಸಿಗೆಗೆ ನಮ್ಮ ಪಂಚಾಯ್ತಿ ಒಳಗೇ ಮೂರು ಮನೆ ಕೆಲಸ ಶುರು ಆಗ್ತಾ ಇದೆ. ಇಬ್ಬರು ಹುಡುಗರನ್ನ ಆಗಲೇ ಕೇಳಿದ್ದಾರೆ. ಅವರಲ್ಲಿ ಒಬ್ಬ ನನ್ನ ಹತ್ತಿರ ಬಂದು 'ಅಣ್ಣಾ, ಒಪ್ಕೊಳ್ಲಾ?' ಅಂತ ಕೇಳ್ದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಬರೀತಾ ಇದೀನಿ.

ನಮ್ಮ ಕಡೆ 'ಮ್ಯಾನೇಜ್' ಅನ್ನೋ ಮಾತಿಗೆ ಎರಡು ಅರ್ಥ ಇದೆ. ಒಂದು, ಕೆಲಸ ಸರಿಯಾಗಿ ನಡೆಸೋದು. ಇನ್ನೊಂದು, ತಪ್ಪು ಹೊರಗೆ ಬರದ ಹಾಗೆ ನೋಡ್ಕೊಳ್ಳೋದು. 'ಮ್ಯಾನೇಜ್ ಮಾಡಿ ಗೌಡ್ರೇ' ಅಂದ್ರೆ ಸಾಮಾನ್ಯವಾಗಿ ಎರಡನೇದೇ. ನಮ್ಮನ್ನ ಕರೆಯೋದು ಮೊದಲನೇದಕ್ಕೆ ಅಂತ ಹೇಳ್ತಾರೆ, ಮಾಡಿಸ್ಕೊಳ್ಳೋದು ಎರಡನೇದನ್ನ. ಈ ಎರಡನೇ ಕೆಲಸ ನಾವು ಮಾಡಬಾರದು. ಮಾಡೋದಾದ್ರೆ ಮೊದಲನೇದನ್ನ ಮಾಡೋಣ, ಅದಕ್ಕೆ ಬೇಕಾದ ಅಧಿಕಾರ ಬರವಣಿಗೆಯಲ್ಲಿ ಇಸ್ಕೊಂಡು ಮಾಡೋಣ. ನಾನು ಹೇಳೋದು ಇಷ್ಟೇ.

ಹಳೇ ಮನೆ ರಿನೋವೇಷನ್ ಸೈಟು ನಡೆಸೋದು ಹೊಸ ಮನೆ ಕಟ್ಟಿಸೋದಕ್ಕಿಂತ ಕಷ್ಟ. ಹೊಸ ಮನೆಗೆ ಪ್ಲಾನ್ ಇರುತ್ತೆ, ಲೈಸೆನ್ಸ್ ಇರುತ್ತೆ. ರಿನೋವೇಷನ್ ಅಂದ್ರೆ 'ಒಳಗಿನ ಕೆಲಸ ತಾನೇ' ಅಂತ ಯಾರೂ ಕೇಳಲ್ಲ. ಆದರೆ ಅಲ್ಲಿ ಕಟ್ಟೋದಕ್ಕಿಂತ ಮೊದಲು ಒಡೆಯೋದು ಇದೆ. ಯಾವ ಗೋಡೆ ಮೇಲೆ ಚಾವಣಿ ಕೂತಿದೆ, ಯಾವುದು ಬರೀ ಅಡ್ಡಗೋಡೆ ಅಂತ ಮೊದಲು ಗೊತ್ತಾಗಬೇಕು. ಮದ್ರಾಸ್ ಟೆರೇಸ್ ಇರೋ ಮನೆಯಲ್ಲಿ ಜಂತೆ ತೊಲೆ ಎಲ್ಲಾ ಗೋಡೆ ಮೇಲೇ ಕೂತಿರುತ್ತೆ, ಪಿಲ್ಲರ್ ಇರಲ್ಲ. ಹಾಲ್ ದೊಡ್ಡದು ಮಾಡ್ತೀವಿ ಅಂತ ನಡುಗೋಡೆ ಒಡೆಯೋ ಮೊದಲು ಜಾಕಿ ಕೊಟ್ಟು, ಕಬ್ಬಿಣದ ತೊಲೆ ಕೂರಿಸಿ, ಆಮೇಲೆ ಒಡೆಯಬೇಕು. ಹೊಸ ಸ್ಲ್ಯಾಬ್ ಹಾಕಿದರೆ ನಾಲ್ಕೂವರೆ ಮೀಟರ್ ಒಳಗಿನದಕ್ಕೆ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ ಜಾಕಿ ತೆಗೆಯೋ ಹಾಗಿಲ್ಲ. ಕ್ಯೂರಿಂಗು ಮಾಮೂಲಿ ಸಿಮೆಂಟಿಗೆ ಕಡಿಮೆ ಅಂದ್ರೂ 7 ದಿನ, ಈಗ ಎಲ್ಲರೂ ತರೋ ಪಿಪಿಸಿಗೆ 10 ದಿನ. ಇವೆಲ್ಲಾ ಐಎಸ್ 456ರಲ್ಲಿ ಇರೋದು, ನಾನು ಹುಟ್ಟಿಸಿದ್ದಲ್ಲ. ಇದನ್ನ ನೋಡ್ಕೊಳ್ಳೋಕೆ ಇಂಜಿನಿಯರ್ ಇರ್ತಾರೆ. ವಾರಕ್ಕೊಂದು ಸಲ ಬಂದು, ಫೋಟೋ ತಗೊಂಡು, ಹೋಗ್ತಾರೆ.

ಮಿಕ್ಕ ಆರು ದಿನ ಅಲ್ಲಿ ಇರೋನು ನಮ್ಮವನು. ಅವನಿಗೆ ಏನು ಕೆಲಸ ಹೇಳ್ತಾರೆ ನೋಡಿ. 'ಟಿಪ್ಪರ್ ಹೋಗೋಕೆ ಆ ಬದು ಸ್ವಲ್ಪ ಸವರಿಸಿಕೊಡಿ, ಪಕ್ಕದವರಿಗೆ ಹೇಳಿ.' 'ಪಿಡಿಓ ಫೋನ್ ಮಾಡಿದ್ರು, ನೀವು ಮಾತಾಡಿ.' 'ಆ ಅಜ್ಜಿ ಧೂಳು ಅಂತ ಗಲಾಟೆ ಮಾಡ್ತಾರೆ, ಏನಾದ್ರೂ ಕೊಟ್ಟು ಸಮಾಧಾನ ಮಾಡಿ.' 'ಜಾತ್ರೆಗೆ ಚಂದಾ ಎಷ್ಟು ಅಂತ ಕೇಳಿ ಕೊಟ್ಟುಬಿಡಿ.' ಯಾವ ಗೋಡೆ ಒಡೀಬೇಕು ಅಂತ ಅವನನ್ನ ಯಾರೂ ಕೇಳಲ್ಲ. ಡೆಬ್ರಿಸ್ ಎಲ್ಲಿಗೆ ಹೋಗಬೇಕು ಅಂತಲೂ ಹೇಳಲ್ಲ. 'ಎಲ್ಲಾದ್ರೂ ಹಾಕಿಸಿ, ನಿಮ್ಮೂರಲ್ಲವಾ' ಅಂತಾರೆ.

ಈ 'ಎಲ್ಲಾದ್ರೂ' ಎಷ್ಟು ಅಂತ ಲೆಕ್ಕ ಹಾಕೋಣ. ಹತ್ತಡಿ ಅಗಲ, ಹತ್ತಡಿ ಎತ್ತರದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಒಂದು ಒಡೆದರೆ ಸುಮಾರು 4 ಟನ್. ಒಂದು ಟ್ರ್ಯಾಕ್ಟರ್ ಟ್ರೈಲರ್ ತುಂಬಾ ಆಯ್ತು. ಎರಡು ಸಾವಿರ ಚದರಡಿ ಹಳೇ ನೆಲ ಕಿತ್ತರೆ, ಕೆಳಗಿನ ಗಾರೆ ಸೇರಿ 25 ಟನ್ ದಾಟುತ್ತೆ. ಆಮೇಲೆ ಯಜಮಾನ್ರು ಫೋನಿನಲ್ಲಿ ಯಾವುದೋ ಫೋಟೋ ನೋಡಿ, ಹಾಕಿದ ಟೈಲ್ಸ್ ಬೇಡ ಅಂತಾರೆ. ಅದನ್ನೂ ಕೀಳಬೇಕು. ಹೀಗೆ ಒಂದು ಬಂಗಲೆಯಿಂದ ಮೂವತ್ತು ನಲವತ್ತು ಟಿಪ್ಪರ್ ಲೋಡ್ ಹೊರಗೆ ಬರೋದು ದೊಡ್ಡ ವಿಷಯವೇ ಅಲ್ಲ.

ಅದು ಎಲ್ಲಿಗೆ ಹೋಗುತ್ತೆ? ಎರಡು ವರ್ಷದ ಹಿಂದೆ ಪಕ್ಕದ ಊರಿನಲ್ಲಿ ಒಂದು ಮನೆಯ ಡೆಬ್ರಿಸ್ ರಾತ್ರೋರಾತ್ರಿ ಕೆರೆಗೆ ನೀರು ತರೋ ಹಳ್ಳಕ್ಕೆ ಬಿತ್ತು. ಹಾಕಿದ್ದು ಏಪ್ರಿಲ್‌ನಲ್ಲಿ. ಹಳ್ಳ ಒಣಗಿತ್ತು, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಜುಲೈ ಕೊನೆಯಲ್ಲಿ ಒಂದು ರಾತ್ರಿ ಜೋರು ಮಳೆ ಆಯ್ತು. ನೀರು ಹಳ್ಳದಲ್ಲಿ ಹೋಗೋಕೆ ದಾರಿ ಇಲ್ಲದೆ ಬದು ಒಡ್ಕೊಂಡು ಪಕ್ಕದ ಹೊಲಕ್ಕೆ ನುಗ್ತು. ಗಂಡ ಇಲ್ಲದ ಹೆಣ್ಣುಮಗಳು, 28 ಗುಂಟೆ ಜಮೀನು, ರಾಗಿ ಬಿತ್ತಿ ಹದಿನೈದು ದಿನ ಆಗಿತ್ತು. ಪೈರು ಹೋಯ್ತು, ಮೇಲ್ಮಣ್ಣು ಹೋಯ್ತು, ಅದರ ಜಾಗದಲ್ಲಿ ಟೈಲ್ಸ್ ಚೂರು, ಗಾಜು, ವೈರು ಬಂದು ಕೂತ್ಕೊಂಡ್ವು. ಇವತ್ತಿಗೂ ಕಳೆ ಕೀಳುವಾಗ ಆಯಮ್ಮನ ಕೈಗೆ ಗಾಜು ಚುಚ್ಚುತ್ತೆ.

ಅವಳು ಯಾರನ್ನ ಕೇಳಬೇಕಿತ್ತು? ಕಂಟ್ರ್ಯಾಕ್ಟರ್ ಕೆಲಸ ಮುಗಿಸಿ ಹೋಗಿದ್ದ. ಮನೆಯವರು 'ನಾವು ಡೆಬ್ರಿಸ್ ತೆಗೆಯೋಕೆ ದುಡ್ಡು ಕೊಟ್ಟಿದೀವಿ' ಅಂದ್ರು, ಅದು ನಿಜವೇ. ಟಿಪ್ಪರಿನವನ ನಂಬರ್ ಸ್ವಿಚ್ ಆಫ್. ಕೊನೆಗೆ ಊರಿನ ಎದುರು ತಲೆ ತಗ್ಗಿಸಿ ನಿಂತವನು ನಮ್ಮ 'ಲೋಕಲ್ ಇನ್‌ಚಾರ್ಜ್'. ಕೆಟ್ಟವನಲ್ಲ, ಮಗಳ ಫೀಸಿಗೆ ಅಂತ ಕೆಲಸಕ್ಕೆ ಸೇರಿದ್ದ. ತಿಂಗಳಿಗೆ ಹನ್ನೆರಡು ಸಾವಿರ ಇಸ್ಕೊಂಡು ಕೋಟಿ ರೂಪಾಯಿ ಕೆಲಸದ ಪಾಪ ಹೊತ್ತುಕೊಂಡ. ಅವನನ್ನ ಕೆಲಸಕ್ಕೆ ಇಟ್ಕೊಂಡಿದ್ದೇ ಅದಕ್ಕೆ ಅಂತ ನನ್ನ ಅಭಿಪ್ರಾಯ. ಬೆಂಗಳೂರಿನ ಕಂಪನಿ ಎದುರು ನಾವು ಜಗಳ ಆಡ್ತೀವಿ, ನಮ್ಮ ದಾಯಾದಿ ಎದುರು ಬಾಯಿ ಮುಚ್ಕೋತೀವಿ. ಅವರಿಗೆ ಇದು ಚೆನ್ನಾಗಿ ಗೊತ್ತು.

ಕಾನೂನು ಇಲ್ಲ ಅಂತಲ್ಲ. 2016ರಲ್ಲೇ ಕೇಂದ್ರ ಸರ್ಕಾರ ಕಟ್ಟಡ ತ್ಯಾಜ್ಯದ ನಿಯಮ ತಂತು. ದಿನಕ್ಕೆ 20 ಟನ್, ಇಲ್ಲಾ ತಿಂಗಳಿಗೆ 300 ಟನ್ ಮೇಲೆ ತ್ಯಾಜ್ಯ ಬರೋ ಕೆಲಸ ಆದರೆ ಮೊದಲೇ ಪ್ಲಾನ್ ಕೊಟ್ಟು ಒಪ್ಪಿಗೆ ತಗೋಬೇಕು ಅಂತ ಅದರಲ್ಲಿ ಇತ್ತು. ಕಾಂಕ್ರೀಟು, ಮಣ್ಣು, ಕಬ್ಬಿಣ, ಮರ, ಇಟ್ಟಿಗೆ ಬೇರೆ ಬೇರೆ ಮಾಡಬೇಕು ಅಂತ ಇತ್ತು. ಸಣ್ಣ ಕೆಲಸ ಆದ್ರೂ ರಸ್ತೆಗೆ, ಚರಂಡಿಗೆ ಸುರಿಯೋ ಹಾಗಿಲ್ಲ. ಒಡೆದ ಕಾಂಕ್ರೀಟು ಪುಡಿ ಮಾಡಿ ಮರಳು, ಜಲ್ಲಿ ಮಾಡೋ ಘಟಕ ಚಿಕ್ಕಜಾಲದ ಕಡೆ ಇದೆ, ನಮಗೆ ದೂರ ಅಲ್ಲ. ಅಲ್ಲಿಗೆ ಕಳಿಸಿದರೆ ಡೀಸೆಲ್ ಖರ್ಚು. ನಮ್ಮ ಹಳ್ಳಕ್ಕೆ ಹಾಕಿದರೆ ಪುಕ್ಕಟೆ. ವ್ಯತ್ಯಾಸ ಇರೋದು ಅಷ್ಟರಲ್ಲೇ.

ಇನ್ನೊಂದು ಮಾತು ನಮ್ಮವರಿಗೇ ಹೇಳಬೇಕು. 'ತಗ್ಗು ಜಮೀನಿಗೆ ಮಣ್ಣು ಪುಕ್ಕಟೆ ಹಾಕ್ಕೊಡ್ತೀವಿ' ಅಂತ ಬರ್ತಾರಲ್ಲ, ಆಸೆ ಬೀಳಬೇಡಿ. ಅದು ಮಣ್ಣಲ್ಲ. ಸಿಮೆಂಟು, ಸುಣ್ಣದ ಗಾರೆ ಎರಡೂ ಕ್ಷಾರ. ಅದು ಸೇರಿದ ಕಡೆ ಪಿಎಚ್ ಏರುತ್ತೆ, ಏರಿದ ಮೇಲೆ ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ಸಿಗಲ್ಲ. ಎಳೆ ಎಲೆ ಹಳದಿ ತಿರುಗಿದಾಗ ಅಂಗಡಿಗೆ ಹೋಗಿ ಔಷಧಿ ತರ್ತೀವಿ. ಒಬ್ಬರು ನನ್ನ ಹತ್ತಿರ ವಾದ ಮಾಡಿದ್ರು, 'ಪಿಒಪಿ ಅಂದ್ರೆ ಜಿಪ್ಸಂ ತಾನೇ, ಹೊಲಕ್ಕೆ ಹಾಕ್ತೀವಲ್ಲ' ಅಂತ. ಹೊಲಕ್ಕೆ ಹಾಕೋ ಜಿಪ್ಸಂ ಬೇರೆ, ಬಣ್ಣ ಬಳಿದು ಜಾಲರಿ ಅಂಟಿಸಿ ಸ್ಕ್ರೂ ಹೊಡೆದ ಸೀಲಿಂಗ್ ಚೂರು ಬೇರೆ. ಅದರಲ್ಲಿ ಹಳೇ ಸಿಮೆಂಟ್ ಶೀಟ್ ಒಡೆದದ್ದು ಇದ್ರೆ ಇನ್ನೂ ಕೆಟ್ಟದ್ದು. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಒಡೆದಾಗ ಏಳೋ ಸಣ್ಣ ನಾರು ಶ್ವಾಸಕೋಶಕ್ಕೆ ಹೋದ್ರೆ ಹೊರಗೆ ಬರಲ್ಲ. ಟಿಲ್ಲರ್ ಹೊಡೆಯೋ ನೆಲದಲ್ಲಿ ಅದನ್ನ ಹರಡ್ಕೋತೀರಾ?

ಧೂಳಿನ ವಿಷಯಕ್ಕೆ ಬರ್ತೀನಿ. ಅಡುಗೆಮನೆಗೆ ಈಗ ಗ್ರಾನೈಟ್ ಬೇಡ, ಕ್ವಾರ್ಟ್ಜ್ ಬೇಕು ಅಂತಾರೆ. ಕಲ್ಲಿನ ಪುಡಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ ಅದು. ಸಾಮಾನ್ಯವಾಗಿ ಅದರಲ್ಲಿ ನೂರಕ್ಕೆ ತೊಂಬತ್ತು ಭಾಗದ ಹತ್ತಿರ ಸಿಲಿಕಾ, ಗ್ರಾನೈಟಿನಲ್ಲಿ ಅದರ ಅರ್ಧವೂ ಇರಲ್ಲ. ಒಣಗಿದ್ದ ಹಾಗೇ ಕಟಿಂಗ್ ಮೆಷಿನ್ ಹಿಡಿದ್ರೆ ಏಳೋ ಧೂಳು ಕುಡಿದ ಹುಡುಗರಿಗೆ ಸಿಲಿಕೋಸಿಸ್ ಬರುತ್ತೆ, ಅದಕ್ಕೆ ವಾಸಿ ಮಾಡೋ ಔಷಧಿ ಇಲ್ಲ. ಆಸ್ಟ್ರೇಲಿಯಾ ದೇಶ ಈ ಹಲಗೆಯನ್ನೇ 2024ರ ಜುಲೈ 1ರಿಂದ ನಿಷೇಧ ಮಾಡ್ತು. ಇಲ್ಲಿ ನಮ್ಮೂರ ಹುಡುಗ ಮೂಗಿಗೆ ಕರ್ಚೀಫ್ ಕಟ್ಕೊಂಡು ಕುಯ್ತಾನೆ. ನೀರು ಬಿಟ್ಕೊಂಡು ಕುಯ್ದರೆ ಧೂಳು ಬಹಳ ಕಡಿಮೆ ಆಗುತ್ತೆ, ಒಂದು ಪೈಪು ಎಳೆದರೆ ಆಯ್ತು. ಆದರೆ ಅದನ್ನ ಹೇಳೋ ಅಧಿಕಾರ 'ಲೋಕಲ್ ಇನ್‌ಚಾರ್ಜ್'ಗೆ ಇರಲ್ಲ. ರೇಷ್ಮೆ ಸಾಕೋರಿಗೆ ಇನ್ನೊಂದು ಕಷ್ಟ ಇದೆ. ಧೂಳು ಕೂತ ಸೊಪ್ಪನ್ನ ಹುಳ ಸರಿಯಾಗಿ ತಿನ್ನಲ್ಲ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ತೊಳೆದು ಒಣಗಿಸಿ ಹಾಕೋಕೆ ಯಾರ ಮನೆಯಲ್ಲಿ ಕೈ ಇದೆ?

ಕೆಲಸಗಾರರ ಬಗ್ಗೆಯೂ ಬರೀಬೇಕು. ಈ ಸೈಟುಗಳಲ್ಲಿ ಗಾರೆ ಕೆಲಸಕ್ಕೆ ಬರೋರು ಹೆಚ್ಚಿನೋರು ಯಾದಗಿರಿ, ರಾಯಚೂರು ಕಡೆಯವರು, ಇಲ್ಲಾ ಬಿಹಾರ, ಒಡಿಶಾದವರು. ಅವರೂ ರೈತರ ಮಕ್ಕಳೇ, ಮಳೆ ಕೈಕೊಟ್ಟು ಬಂದೋರು. ಒಂದು ಸೈಟಿನಲ್ಲಿ ಸಾರ್ವೆ ಕಟ್ಟಿದ ಹಗ್ಗ ಜಾರಿ ಹುಡುಗನೊಬ್ಬ ಬಿದ್ದು ತೊಡೆ ಮೂಳೆ ಮುರ್ಕೊಂಡ. ಸೂಪರ್‌ವೈಸರ್ ಮೊದಲು ಫೋನ್ ಮಾಡಿದ್ದು ಆಂಬುಲೆನ್ಸಿಗಲ್ಲ, ನಮ್ಮೂರಿನವನಿಗೆ. 'ಸ್ವಲ್ಪ ಮ್ಯಾನೇಜ್ ಮಾಡಿ, ಪೊಲೀಸ್ ಗಿಲೀಸ್ ಬೇಡ' ಅಂತ. ಆ ಹುಡುಗನಿಗೆ ಲೇಬರ್ ಕಾರ್ಡ್ ಇರಲಿಲ್ಲ. ಹದಿನೆಂಟರಿಂದ ಅರವತ್ತು ವರ್ಷದ ಒಳಗಿದ್ದು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಆ ಮಂಡಳಿ ದುಡ್ಡು ಬರೋದೇ ಕಟ್ಟಡದ ಖರ್ಚಿನ ಮೇಲೆ ವಸೂಲಿ ಮಾಡೋ ಶೇಕಡ 1 ಸೆಸ್‌ನಿಂದ. ಕೋಟಿ ರೂಪಾಯಿ ಖರ್ಚು ಮಾಡೋ ಮನೆಗೆ ಒಂದು ಲಕ್ಷ. 'ಸಣ್ಣ ರಿಪೇರಿ' ಅಂತ ಬರೆದು ಅದನ್ನೂ ತಪ್ಪಿಸ್ತಾರೆ.

ನೀರು ಹೇಳದಿದ್ರೆ ಈ ಬರಹ ಪೂರ್ತಿ ಆಗಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯೋ ನೀರು ಕಟ್ಟಡ ಕೆಲಸಕ್ಕೆ ಬಳಸಿದ್ರೆ 5,000 ದಂಡ ಅಂತು. ಊರಿನಲ್ಲಿ ಹಂಗೆ ಹೇಳೋರು ಯಾರೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು ಆರು ಸಾವಿರ ಲೀಟರ್ ಟ್ಯಾಂಕರಿನಲ್ಲಿ ಸೈಟಿಗೆ ಹೋಗುತ್ತೆ. ಗೋಡೆಗೆ ಗೋಣಿಚೀಲ ಹೊದಿಸಿ ನೆನೆಸಿದರೆ ಅರ್ಧ ನೀರಿನಲ್ಲಿ ಆಗೋ ಕ್ಯೂರಿಂಗಿಗೆ ಪೈಪು ಬಿಟ್ಟು ಟೀ ಕುಡಿಯೋಕೆ ಹೋಗ್ತಾರೆ. ನಮ್ಮ ಮನೆಯಲ್ಲಿ ಡ್ರಿಪ್ ಪೈಪು ಒಂದು ಕಡೆ ಸೋರಿದರೆ ರಾತ್ರಿ ಎದ್ದು ಹೋಗಿ ಕಟ್ತೀವಿ.

ಈಗ ನೀವು ಹೇಳೋ ಮಾತು ನನಗೆ ಗೊತ್ತು. 'ಇವರು ಬಂದಿದ್ದಕ್ಕೇ ನಮ್ಮ ಹುಡುಗರಿಗೆ ಕೆಲಸ, ನಮ್ಮ ಟ್ರ್ಯಾಕ್ಟರಿಗೆ ಬಾಡಿಗೆ. ನೀನು ಹಿಂಗೆ ಬರೆದು ಓಡಿಸಬೇಡ' ಅಂತ. ಟೊಮೆಟೊ ಬಾಕ್ಸ್ ನೂರು ರೂಪಾಯಿಗೆ ಇಳಿದಾಗ ಆ ಹದಿನೈದು ಸಾವಿರ ಏನು ಅಂತ ನನಗೂ ಗೊತ್ತು. ಕೆಲಸ ಬೇಡ ಅಂತ ನಾನು ಹೇಳ್ತಾ ಇಲ್ಲ. ಮತ್ತೆ 'ಷರತ್ತು ಹಾಕಿದ್ರೆ ಬೇರೆಯವನನ್ನ ಇಟ್ಕೋತಾರೆ' ಅಂತೀರಿ. ಇಟ್ಕೋಬಹುದು. ಅದಕ್ಕೇ ಒಬ್ಬೊಬ್ಬರಾಗಿ ಮಾತಾಡೋ ಬದಲು ಎಲ್ಲರೂ ಒಂದೇ ಷರತ್ತು ಹೇಳೋಣ ಅಂತಿರೋದು. ಅವರಿಗೆ ಊರಿನವನೊಬ್ಬ ಬೇಕೇ ಬೇಕು, ಇಲ್ಲದಿದ್ರೆ ಒಂದು ಟಿಪ್ಪರೂ ನಕಾಶೆ ದಾರಿಯಲ್ಲಿ ಒಳಗೆ ಬರಲ್ಲ.

ಆಗಲ್ಲ ಅನ್ನೋರಿಗೆ ಒಂದು ಲೆಕ್ಕ. ಹೋದ ವರ್ಷ ಒಂದು ಹಳೇ ಬಂಗಲೆ ಕೆಲಸ ಎಂಟು ತಿಂಗಳು ನಾನೇ ನೋಡ್ಕೊಂಡೆ. ಶುರು ಮಾಡೋ ಮೊದಲೇ ನೋಟ್‌ಬುಕ್ಕಿನಲ್ಲಿ ಷರತ್ತು ಬರೆದು ಮನೆಯವರ ಹತ್ತಿರ, ಕಂಟ್ರ್ಯಾಕ್ಟರ್ ಹತ್ತಿರ ಸಹಿ ಹಾಕಿಸ್ಕೊಂಡೆ. ಕಂಟ್ರ್ಯಾಕ್ಟರ್ ಮುಖ ಗಂಟು ಹಾಕ್ಕೊಂಡ, ಮನೆಯವರು ಒಪ್ಪಿದ್ರು. ಒಟ್ಟು 43 ಲೋಡ್ ಆಯ್ತು. ಗಟ್ಟಿ ಇಟ್ಟಿಗೆ, ಹೆಂಚು, ಕಡಪ ಕಲ್ಲು ಬೇರೆ ಮಾಡಿ ಬೇಕಾದೋರಿಗೆ ಕೊಟ್ಟೆವು. ಕಬ್ಬಿಣ ಗುಜರಿಗೆ, ತೊಲೆ ಬಾಗಿಲು ಮರದವರಿಗೆ. ಇಟ್ಟಿಗೆ ಕಾಂಕ್ರೀಟು ಚೂರು ಅವರ ಗೇಟಿನಿಂದ ಮನೆವರೆಗಿನ ದಾರಿಗೇ ತಳ ಹಾಕಿದ್ವಿ. ಮಿಕ್ಕ 16 ಲೋಡ್ ಘಟಕಕ್ಕೆ ಹೋಯ್ತು, ತೂಕದ ಚೀಟಿ ಒಂದೊಂದೂ ನನ್ನ ಹತ್ತಿರ ಇದೆ. ಹೆಚ್ಚಾದ ಖರ್ಚು ಅವರ ಬಾತ್‌ರೂಮಿನ ನಲ್ಲಿಗಳಿಗೆ ಕೊಟ್ಟ ದುಡ್ಡಿಗಿಂತ ಕಡಿಮೆ. ದುಡ್ಡಿಲ್ಲದೆ ಆಗಲ್ಲ ಅನ್ನೋ ಮಾತು ಇಂಥ ಮನೆಗಳಲ್ಲಿ ನಡೆಯಲ್ಲ. ಕೇಳೋರು ಬೇಕು ಅಷ್ಟೇ.

ಹಾಗಾಗಿ ಯಾರೇ ಕೆಲಸಕ್ಕೆ ಕರೆದ್ರೂ ಈ ಐದು ಮಾತು ಬರವಣಿಗೆಯಲ್ಲಿ ಕೇಳಿ.

1. ಡೆಬ್ರಿಸ್ ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಬರೀಬೇಕು. ಪ್ರತಿ ಲೋಡಿಗೆ ತೂಕದ ಚೀಟಿ ಬರೋವರೆಗೂ ಟಿಪ್ಪರಿನವನಿಗೆ ದುಡ್ಡಿಲ್ಲ.

2. ಹಳ್ಳ, ರಾಜಕಾಲುವೆ, ಗೋಮಾಳ, ಪಕ್ಕದ ಬದು ಮುಟ್ಟೋ ಹಾಗಿಲ್ಲ. ದಾರಿ ಹಾಳಾದ್ರೆ ಕೆಲಸ ಮುಗಿದ ಮೇಲೆ ಸರಿ ಮಾಡಿಕೊಡಬೇಕು. ಅದಕ್ಕೆ ಡೆಪಾಸಿಟ್ ಮುಂಚೆಯೇ ಪಂಚಾಯ್ತಿಯಲ್ಲಿ ರಸೀದಿ ಹಾಕಿಸಿ ಇಡಬೇಕು, ನಿಮ್ಮ ಕೈಯಲ್ಲಿ ಅಲ್ಲ.

3. ಕಲ್ಲು, ಟೈಲ್ಸ್ ನೀರು ಬಿಟ್ಕೊಂಡೇ ಕುಯ್ಯಬೇಕು. ಸಿಮೆಂಟ್ ಶೀಟ್ ಒಡೆಯದೆ, ನೆನೆಸಿ, ಇಡಿಯಾಗಿ ಇಳಿಸಬೇಕು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಒಡೆಯೋ ಕೆಲಸ ಇಲ್ಲ, ಲೋಡೂ ಇಲ್ಲ. ರಾತ್ರಿ ಹೋಗೋ ಲೋಡು ಎಲ್ಲಿಗೆ ಹೋಗುತ್ತೆ ಅಂತ ನಮಗೆಲ್ಲಾ ಗೊತ್ತು.

4. ಕೆಲಸಗಾರರ ಹೆಸರು, ಊರು, ಮನೆಯವರ ಫೋನ್ ನಂಬರ್ ಪುಸ್ತಕದಲ್ಲಿ ಇರಬೇಕು. ಲೇಬರ್ ಕಾರ್ಡ್ ಇಲ್ಲದೋರಿಗೆ ಮಾಡಿಸಬೇಕು. ಯಾರಾದ್ರೂ ಬಿದ್ರೆ ಮೊದಲ ಫೋನ್ 108ಕ್ಕೆ.

5. ತಪ್ಪು ಕಂಡರೆ ಕೆಲಸ ನಿಲ್ಲಿಸೋ ಅಧಿಕಾರ ನಿಮಗೆ ಇರಬೇಕು. ಇದು ಕೊಡಲ್ಲ ಅಂದ್ರೆ ಅವರಿಗೆ ಬೇಕಿರೋದು ನಿಮ್ಮ ಮುಖ, ನಿಮ್ಮ ಕೆಲಸ ಅಲ್ಲ. ಎದ್ದು ಬನ್ನಿ.

ನನ್ನ ಹತ್ತಿರ ಬಂದಿದ್ದ ಹುಡುಗನಿಗೂ ಇದನ್ನೇ ಬರೆದುಕೊಟ್ಟಿದೀನಿ. ಅವನು ಇನ್ನೂ ಉತ್ತರ ಕೊಟ್ಟಿಲ್ಲ, ಯೋಚನೆ ಮಾಡ್ತಾ ಇದಾನೆ. ಮಾಡಲಿ, ಅವನಿಗೆ ಸಾಲ ಇದೆ, ಅವನನ್ನ ನಾನು ಬೈಯಲ್ಲ. ಆದರೆ ಅವನೊಬ್ಬನೇ ಕೇಳಿದ್ರೆ ಅವನ ಕೆಲಸ ಹೋಗುತ್ತೆ. ಮೂರು ಸೈಟಿಗೂ ನಾವೆಲ್ಲಾ ಒಂದೇ ಮಾತು ಹೇಳಿದ್ರೆ ಹೋಗಲ್ಲ.

ಶನಿವಾರ ಸಂಜೆ ಹಾಲು ಹಾಕಿದ ಮೇಲೆ ಡೇರಿ ಮುಂದೆ ಕೂತ್ಕೊಳ್ಳೋಣ. ನನ್ನ ನೋಟ್‌ಬುಕ್ಕು, ಚೀಟಿಗಳು ತರ್ತೀನಿ, ಬೇಕಾದೋರು ಫೋಟೋ ತಗೊಳ್ಳಿ. ಹಳ್ಳದ ಪಕ್ಕ ಜಮೀನು ಇರೋರು ತಪ್ಪದೆ ಬನ್ನಿ. ಮಳೆ ಶುರುವಾಗೋಕೆ ಮೊದಲೇ ಒಂದು ಸಲ ಎಲ್ಲರೂ ಸೇರಿ ಹಳ್ಳ ಪೂರ್ತಿ ನಡೆದು ನೋಡಬೇಕು. ಎಲ್ಲೆಲ್ಲಿ ಆಗಲೇ ಸುರಿದಿದ್ದಾರೆ ಅಂತ ಬರ್ಕೊಂಡು ಪಂಚಾಯ್ತಿಗೆ ಅರ್ಜಿ ಕೊಡೋಣ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬರೋಣ.